ಭಾಯಿ ಸಾಹಿಬ್ ಸಿಂಗ್

ಭಾಯಿ ಸಾಹಿಬ್ ಸಿಂಗ್ (ಪೂರ್ವನಾಮ: ಸಾಹಿಬ್ ಚಂದ್) ಅವರು ಸಿಖ್ ಧರ್ಮದಲ್ಲಿ 'ಪಂಜ್ ಪ್ಯಾರೆ' ಎಂದು ಪೂಜ್ಯರಾದ ಐವರು ಪ್ರಿಯ ಶಿಷ್ಯರಲ್ಲಿ ಒಬ್ಬರು. ಸಿಖ್ ಸಂಪ್ರದಾಯದ ಪ್ರಕಾರ ಇವರು ಇಂದಿನ ಕರ್ನಾಟಕದ ಬೀದರಿನ ಕ್ಷೌರಿಕ ಕುಟುಂಬವೊಂದಕ್ಕೆ ಸೇರಿದವರು.

ಖಾಲ್ಸಾ ದೀಕ್ಷೆ

1699ರ ಬೈಸಾಖಿಯಂದು ಗುರು ಗೋವಿಂದ ಸಿಂಗ್ ಅವರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದರು. ಶಿರವನ್ನು ಅರ್ಪಿಸಬಲ್ಲವರು ಮುಂದೆ ಬರಬೇಕೆಂಬ ಗುರುಗಳ ಕರೆಗೆ ಓಗೊಟ್ಟ ಐವರಲ್ಲಿ ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ದರ್ಜಿ ಹಾಗೂ ಬೀದರಿನ ಕ್ಷೌರಿಕ ಇದ್ದರು. ಒಂದೇ ಪಾತ್ರೆಯ ಅಮೃತವನ್ನು ಸ್ವೀಕರಿಸಿದ ಐವರಿಗೂ 'ಸಿಂಗ್' ಎಂಬ ಹೆಸರು ದೊರೆಯಿತು. ಬಳಿಕ ಗುರುಗಳು ಈ ಐವರಿಂದಲೇ ತಾವೂ ದೀಕ್ಷೆ ಪಡೆದರು. 1704–05ರ ಚಮ್ಕೌರ್ ಕದನದಲ್ಲಿ ಸಾಹಿಬ್ ಸಿಂಗ್ ಅವರು ಹಿಮ್ಮತ್ ಸಿಂಗ್ ಮತ್ತು ಮೋಹಕಮ್ ಸಿಂಗ್ ಅವರೊಂದಿಗೆ ವೀರಮರಣ ಹೊಂದಿದರು.

ಮಿಸ್ಲ್‌ಗಳು ಮತ್ತು ಕೆಳಸ್ತರದ ಸಮುದಾಯಗಳು

ಹದಿನೆಂಟನೆಯ ಶತಮಾನದಲ್ಲಿ ಖಾಲ್ಸಾ ಯೋಧರು 'ಮಿಸ್ಲ್' ಎಂಬ ಸೇನಾ ಒಕ್ಕೂಟಗಳಾಗಿ ಸಂಘಟಿತರಾದರು. ಸಂಪ್ರದಾಯವು 12 ಮಿಸ್ಲ್‌ಗಳನ್ನು ಹೆಸರಿಸುತ್ತದೆ. ಹಲವು ಮಿಸ್ಲ್‌ಗಳ ನಾಯಕತ್ವ ಜಾಟರ ಕೈಯಲ್ಲಿತ್ತು. ಆದರೆ ಆಹ್ಲೂವಾಲಿಯಾ ಮಿಸ್ಲ್‌ನ ಜಸ್ಸಾ ಸಿಂಗ್ ಮದ್ಯ ತಯಾರಿಕೆಯ ಕಲಾಲ್ ಸಮುದಾಯದವರೂ ರಾಮಗಢಿಯಾ ಮಿಸ್ಲ್‌ನ ಜಸ್ಸಾ ಸಿಂಗ್ ಬಡಗಿ ಸಮುದಾಯದವರೂ ಆಗಿದ್ದರು.

ಅಸ್ಪೃಶ್ಯರೆನಿಸಿದ್ದ ರಂಗ್ರೇಟರ ಸ್ಥಿತಿ ಭಿನ್ನವಾಗಿತ್ತು. 1675ರಲ್ಲಿ ಗುರು ತೇಗ್ ಬಹಾದೂರರ ಶಿರವನ್ನು ದೆಹಲಿಯಿಂದ ಆನಂದಪುರಕ್ಕೆ ತಂದ ಭಾಯಿ ಜೈತಾ ಇದೇ ಸಮುದಾಯದವರು. ತರುಣಾ ದಳದ ಐದು ಜತ್ಥಾಗಳಲ್ಲಿ ಒಂದನ್ನು ಬೀರ್ ಸಿಂಗ್ ರಂಗ್ರೇಟಾ ಮುನ್ನಡೆಸಿದರು. ಆದರೂ ಮುಂದೆ ರೂಪುಗೊಂಡ 12 ಮಿಸ್ಲ್‌ಗಳ ಪಟ್ಟಿಯಲ್ಲಿ ಅವರದೆಂಬ ಮಿಸ್ಲ್ ಇಲ್ಲ. 1799ರಲ್ಲಿ ರಣಜಿತ್ ಸಿಂಗ್ ಲಾಹೋರನ್ನು ವಶಪಡಿಸಿಕೊಂಡ ನಂತರ ಮಿಸ್ಲ್‌ಗಳು ಕ್ರಮೇಣ ಅವರ ರಾಜ್ಯದಲ್ಲಿ ವಿಲೀನಗೊಂಡವು.

ಜಾತಿಯ ಮುಂದುವರಿಕೆ

ದೀಕ್ಷೆಯು ಜಾತಿಯನ್ನು ತತ್ತ್ವತಃ ನಿರಾಕರಿಸಿದರೂ ವಿವಾಹ, ಭೂಒಡೆತನ ಹಾಗೂ ವಾಸಸ್ಥಳಗಳಲ್ಲಿ ಭೇದ ಉಳಿಯಿತು. 1950ರ ಪರಿಶಿಷ್ಟ ಜಾತಿಗಳ ಆದೇಶವು ಸಿಖ್ಖರಲ್ಲಿ ಮಜಹಬಿ, ರಾಮದಾಸಿ, ಕಬೀರಪಂಥಿ ಮತ್ತು ಸಿಕ್ಲಿಗರ್ ಸಮುದಾಯಗಳನ್ನು ಮಾತ್ರ ಒಳಗೊಂಡಿತ್ತು. 1956ರ ತಿದ್ದುಪಡಿಯು ಈ ಮಾನ್ಯತೆಯನ್ನು ಇತರ ದಲಿತ ಸಿಖ್ಖರಿಗೂ ವಿಸ್ತರಿಸಿತು.

ಬೀದರಿನಲ್ಲಿ ಸ್ಮರಣೆ

ಗುರು ನಾನಕರ ಭೇಟಿಯ ಐತಿಹ್ಯವಿರುವ ನಾನಕ್ ಝೀರಾ ಗುರುದ್ವಾರದ ಜೊತೆಗೆ ಬೀದರ್ ಸಮೀಪದ ಜನವಾಡವೂ ಸಿಖ್ಖರ ಯಾತ್ರಾಸ್ಥಳವಾಗಿದೆ. ಯೋಧೆ ಮಾಯಿ ಭಾಗೋ ತಮ್ಮ ಕೊನೆಯ ದಿನಗಳನ್ನು ಜನವಾಡದಲ್ಲಿ ಕಳೆದರೆಂಬುದು ಸಂಪ್ರದಾಯ. ಇದೇ ಜಿಲ್ಲೆಯ ಬಸವಕಲ್ಯಾಣವು ಹನ್ನೆರಡನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನವರ ಕರ್ಮಭೂಮಿ. ಕ್ಷೌರಿಕ ವೃತ್ತಿಯ ಹಡಪದ ಸಮುದಾಯವು ಅವರನ್ನು ತನ್ನ ಮೂಲಪುರುಷರೆಂದು ಗೌರವಿಸುತ್ತದೆ.