ಮಿರಗಾ ಕೂಡಿದ ಮ್ಯಾಲ ಮಣ್ಣಿನ ಎತ್ತು

ಮೊಮ್ಮಗಳ ಪುಸ್ತಕದಾಗ ಋತುಗಳ ಪಟ ಅದ. ಒಂದರಾಗ ಹಿಮ ಬಿದ್ದದ, ಇನ್ನೊಂದರಾಗ ಕೆಂಪು ಎಲಿ ಉದುರ್ಯಾವ. ಮಳಿಗಾಲದ ಚಿತ್ರನ ಇಲ್ಲ! ಹೊರಗ ಧೋ ಅಂತ ಮಳಿ ಸುರೀಲಿಕ್ಕತ್ತಿತ್ತು, ಕೂಸು "ಅಜ್ಜಿ, ಈಗ ಸಮ್ಮರ್" ಅಂತು. ತಪ್ಪು ಅದರದಲ್ಲ ಬಿಡ್ರಿ.

ನಮ್ಮ ಧಾರವಾಡ ಕಡೆ ಹುಡುಗೂರು ಹೊತ್ತು ಕಲೀತಿದ್ದುದು ಗಡಿಯಾರ ನೋಡಿ ಅಲ್ಲ. ಕೋಳಿ ಕೂಗೋ ಹೊತ್ತು, ನೆರಳು ಕಾಲಾಗ ಬರೋ ಹೊತ್ತು, ದನ ಮನಿಗೆ ಬರೋ ಹೊತ್ತು, ದೀಪ ಹಚ್ಚೋ ಹೊತ್ತು. ವರ್ಷದ ಲೆಕ್ಕ ಮಳಿ ನಕ್ಷತ್ರದ್ದು. ಸೂರ್ಯ ಒಂದೊಂದು ನಕ್ಷತ್ರದಾಗ ಹದಿಮೂರು-ಹದಿನಾಲ್ಕು ದಿನ ಇರ್ತಾನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 7-8ಕ್ಕ ಮಿರಗಾ, 21-22ಕ್ಕ ಆರಿದ್ರಾ.

ಇದು ಬರೀ ಅಜ್ಜಿ ಲೆಕ್ಕ ಅನ್ಕೋಬ್ಯಾಡ್ರಿ. ಆದಿಲಶಾಹಿ ಕಾಲದಾಗ, ಮುಂದ ಪೇಶವೆಯವರ ಕಾಲದಾಗ, ದಫ್ತರದ ಕಾಗದದ ಮ್ಯಾಲ ಶುಹೂರ ಸನ್ ಅಂತ ಒಂದು ವರ್ಷ ಬರೀತಿದ್ರು. ಹೆಸರು ಅರಬ್ಬಿ, ಅಂಕಿನೂ ಅರಬ್ಬಿ ಮಾತಿನಾಗ. ಆದ್ರ ಆ ವರ್ಷ ಹುಟ್ಟತಿದ್ದುದು ಸೂರ್ಯ ಮಿರಗಕ್ಕ ಕಾಲಿಟ್ಟ ದಿನ. ಅದಕ್ಕ ಅದನ್ನ ಮೃಗಸಾಲ ಅಂತನೂ ಕರೀತಿದ್ರು. ಬಿತ್ತಿದ್ರ ಬೆಳಿ, ಬೆಳೆದ್ರ ಕಂದಾಯ. ಸರಕಾರನೂ ಮಳಿ ಹಿಂದ ಹೋಗಬೇಕಾಗಿತ್ತು.

ಹುಡುಗೂರಿಗೆ ಈ ದೊಡ್ಡ ಲೆಕ್ಕ ತಿಳಿಸಿದ್ದು ಹೆಣ್ಣುಮಕ್ಕಳು, ಮಣ್ಣಿನಿಂದ. ಬ್ಯಾಸಗಿ ನೆಲ ಕಲ್ಲಿನಂಗ ಇರ್ತದ, ಗೊಂಬಿ ಆಗೂದಿಲ್ಲ. ಮಿರಗದ ಮಳಿಗೆ ಅರಲು ಹದಕ್ಕ ಬರ್ತದ. ಜ್ಯೇಷ್ಠದ ಅಮವಾಸಿಗೆ ಮಣ್ಣೆತ್ತು. ಆಷಾಢದ ಮಂಗಳವಾರಕ್ಕ ಗುಲಗಂಜಿ ಹಚ್ಚಿದ ಗುಳ್ಳವ್ವ. ವಾರ ಎಣಸೂದೂ ಅಲ್ಲೇ ಬರ್ತಿತ್ತು. ಶ್ರಾವಣದ ಪಂಚಮಿಗೆ ನಾಗಪ್ಪ, ಜೋಕಾಲಿ. ಭಾದ್ರಪದದಾಗ ಗಣಪ್ಪ, ಅವನ ಬೆನ್ನಿಗೆ ಬುಟ್ಟಿಯೊಳಗ ಜೋಕುಮಾರ. ಅಂವ ಹುಣ್ಣಿವಿ ತನಕ ಅಷ್ಟ ಬದುಕಾಂವ. ಐದು ಗೊಂಬಿ ಮುಗಿಯೂದ್ರಾಗ ಮುಂಗಾರಿನ ಮಳಿ ಮುಗೀತಿತ್ತು. ಅಲ್ಲಿಂದ ಹಿಂಗಾರಿ ಮಾತು. ಸೀಗಿ ಹುಣ್ಣಿವಿಗೆ ಹೊಲದಾಗ ನಿಂತ ಬೆಳಿಗೆ ಚರಗಾ.

ಈಗ ಬಜಾರದಾಗ ಬಣ್ಣ ಹಚ್ಚಿದ ಎತ್ತು ಸಿಗ್ತಾವ. ನಾನೂ ತರ್ತಿದ್ದೆ, ಕೈ ಹೊಲಸಾಗೂದಿಲ್ಲ ಅಂತ. ಪಟದಾಗ ಮಳಿ ಇಲ್ಲ ಅಂತ ಬೈಕೋತ, ಕೂಸಿನ ಕೈಯಾಗಿನ ಮಳಿ ನಾನ ಕಸಗೊಂಡಿದ್ದೆ.

ಈ ಸಲ ಬಾಲ್ಕನಿ ಕುಂಡದ ಮಣ್ಣು ತಗದು, ಅದರ ಕೈಲೆ ಎತ್ತು ಮಾಡಿಸಿದೆ. ಮೂರು ಕಾಲಿಂದಾತು. ಮರುದಿನ ಮುಂಜಾನೆ ಮುಟ್ಟಿ ನೋಡಿ, "ಅಜ್ಜಿ, ಇದ್ಯಾಕ ಒಣಗವಲ್ದು?" ಅಂತು.

"ಬಿಸಲೆಲ್ಲದವ್ವಾ?" ಅಂದೆ.

ಕಿಟಕಿ ಕಡೆ ನೋಡ್ತು. "ಮಳಿಗಾಲ" ಅಂತು.