ಕರಾವಳಿಯ ಬಾಲಶಿಕ್ಷಣದಲ್ಲಿ ಕಲೆಯ ಸ್ಥಾನ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಉಚ್ಚಿಲ ಮತ್ತು ಪಡುಬಿದ್ರಿಗಳ ನಡುವೆ ಎರ್ಮಾಳ್ ಇದೆ. ಈ ಊರಿಗೆ ಬಡಾ, ತೆಂಕ ಎಂಬ ಎರಡು ಭಾಗಗಳುಂಟು. ಉತ್ತರ, ದಕ್ಷಿಣ ಎಂಬುದೇ ಈ ಮಾತುಗಳ ಅರ್ಥ. ಯಕ್ಷಗಾನದ ಬಡಗು ಮತ್ತು ತೆಂಕು ತಿಟ್ಟುಗಳಿಗೆ ಹೆಸರು ಬಂದಿರುವುದೂ ಇದೇ ದಿಕ್ಕುಗಳಿಂದ. ತುಳುನಾಡಿನ ಜಾತ್ರೆಗಳ ಸಾಲು ಎರ್ಮಾಳಿನಲ್ಲಿ ಮೊದಲಾಗುತ್ತದೆಂಬುದು ಜನರ ಮಾತು. ಇಂತಹ ಊರಿನ ಮಗು ಮನೆಯಲ್ಲಿ ಸಾಮಾನ್ಯವಾಗಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ. ಕನ್ನಡವು ಅದಕ್ಕೆ ಮನೆಯ ಹೊರಗೆ ದೊರೆಯುವ ಭಾಷೆ. ಮನೆಯ ಮಾತಿನಿಂದ ಗ್ರಂಥದ ಮಾತಿಗೆ ಈ ಪ್ರದೇಶದ ಮಕ್ಕಳು ತಲೆಮಾರುಗಳಿಂದ ದಾಟಿ ಬಂದುದು ಹೇಗೆ? ಪಠ್ಯಪುಸ್ತಕವೊಂದೇ ಈ ಸೇತುವೆಯನ್ನು ಕಟ್ಟಲಿಲ್ಲ. ಓದುವ ಕನ್ನಡವನ್ನು ಶಾಲೆ ಕೊಟ್ಟಿತು. ಆಡುವ ಕನ್ನಡವನ್ನು ಬಹುಮಟ್ಟಿಗೆ ಕಲೆ ಕೊಟ್ಟಿತು. ಇದನ್ನು ಸಂಕ್ಷೇಪವಾಗಿ ನಿರೂಪಿಸಿ, ಇಂದಿನ ಶಾಲೆಗೆ ಇದರಿಂದ ದೊರೆಯುವ ಪಾಠವೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಸರಕಾರಿ ಶಾಲೆಗಳು ಹರಡುವ ಮೊದಲು ಹಳ್ಳಿಗಳಲ್ಲಿ ವಿದ್ಯೆಗೆ ಆಶ್ರಯವಾಗಿದ್ದುದು ಐಗಳ ಮಠ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿಯನ್ನು ಒಪ್ಪಿಸುವುದು, ಕಾವ್ಯಭಾಗಗಳನ್ನು ಬಾಯಿಪಾಠ ಮಾಡುವುದು ಅಲ್ಲಿಯ ಕ್ರಮ. ಈ ಮಠದ ವಿದ್ಯೆಗೆ ವರ್ಷಕ್ಕೊಮ್ಮೆ ಊರ ಮುಂದೆ ಪರೀಕ್ಷೆಯಾಗುತ್ತಿತ್ತು. ಎರ್ಮಾಳಿನಿಂದ ಉತ್ತರಕ್ಕೆ, ಉಡುಪಿಯನ್ನು ದಾಟಿ ಕುಂದಾಪುರದವರೆಗಿನ ಸೀಮೆಯಲ್ಲಿ ನವರಾತ್ರಿಯ ದಿನಗಳಲ್ಲಿ ನಡೆಯುವ 'ಹೂವಿನಕೋಲು' ಎಂಬ ಪದ್ಧತಿಯನ್ನು ಇಲ್ಲಿ ಸ್ಮರಿಸಬೇಕು. ಹೂವಿನಿಂದ ಅಲಂಕರಿಸಿದ ಕೋಲನ್ನು ಹಿಡಿದ ಹುಡುಗರು ಭಾಗವತರೊಡನೆ ಮನೆಮನೆಗೆ ಹೋಗಿ, ಮನೆಯವರಿಗೆ ಶುಭವನ್ನು ಕೋರಿ, ಯಕ್ಷಗಾನ ಪ್ರಸಂಗದ ಒಂದು ಭಾಗಕ್ಕೆ ಎದುರುಬದುರಾಗಿ ಕುಳಿತು ಅರ್ಥ ಹೇಳುತ್ತಿದ್ದರು. ಮನೆಯವರು ಕೊಟ್ಟ ಕಾಣಿಕೆ ಗುರುವಿಗೆ ಸಲ್ಲುತ್ತಿತ್ತು. ಹಳೆಯ ಮೈಸೂರು ಸೀಮೆಯ ಮಠಗಳ ಮಕ್ಕಳು ಇದೇ ಹಬ್ಬದಲ್ಲಿ ಚೌಪದಗಳನ್ನು ಹಾಡುತ್ತ ಮನೆಗಳಿಗೆ ಹೋಗುತ್ತಿದ್ದ ವಾಡಿಕೆ ಇದಕ್ಕೆ ಸಮೀಪವಾದುದು. ಆದರೆ ಕರಾವಳಿಯ ವಾಡಿಕೆಯಲ್ಲಿ ಹಾಡಿನ ಜೊತೆಗೆ ಸಂವಾದವೂ ಇತ್ತೆಂಬುದು ಗಮನಾರ್ಹ. ಕಲಿತ ವಿದ್ಯೆ ಮಗುವಿನ ಬಾಯಿಂದ ಪ್ರಶ್ನೆಯಾಗಿಯೂ ಉತ್ತರವಾಗಿಯೂ ಹೊರಡಬೇಕಾಗಿತ್ತು.

ಮೇಳಗಳ ಆಟದಲ್ಲಿಯೂ ಇಂತಹದೇ ಒಂದು ಪಾಠಕ್ರಮವಿತ್ತು. ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಅನುಕ್ರಮವಾಗಿ ಬರುತ್ತಿದ್ದವು. ಹೊಸದಾಗಿ ಮೇಳ ಸೇರಿದ ಹುಡುಗನು ಕೋಡಂಗಿಯಾಗಿ ಹೆಜ್ಜೆಯಿಟ್ಟು, ಬಾಲಗೋಪಾಲನಾಗಿ ತಾಳವನ್ನರಿತು, ಮುಂದೆ ಮಾತುಳ್ಳ ಪಾತ್ರಗಳಿಗೆ ಏರುತ್ತಿದ್ದನು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಡೇರೆಯ ಮೇಳಗಳು ಪ್ರಬಲವಾದಂತೆ ಪೂರ್ವರಂಗವು ಸಂಕ್ಷಿಪ್ತವಾಯಿತು. ಪ್ರೇಕ್ಷಕನಿಗೆ ಇದರಿಂದ ಸಮಯ ಉಳಿಯಿತು. ಕಲಿಯುವ ಹುಡುಗನಿಗೆ ಅವನ ಪಾಠಶಾಲೆ ಮುಚ್ಚಿತು.

ಈ ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳಲಾಗದು. ಹೆಣ್ಣುಮಕ್ಕಳಿಗೆ ಮೇಳದಲ್ಲಿ ಪ್ರವೇಶವಿರಲಿಲ್ಲ. ಹೂವಿನಕೋಲು ಹಿಡಿದವರೂ ಹುಡುಗರೇ. ಅಸ್ಪೃಶ್ಯರೆನಿಸಿಕೊಂಡ ಜಾತಿಗಳ ಮಕ್ಕಳಿಗೆ ಐಗಳ ಮಠದ ಬಾಗಿಲೇ ತೆರೆದಿರಲಿಲ್ಲ. ಮೇಳದ ಹುಡುಗನು ಅಕ್ಷರವಿದ್ಯೆಯನ್ನು ಬಿಟ್ಟು ಕಲೆಯನ್ನು ಹಿಡಿಯಬೇಕಾದ ಸಂದರ್ಭಗಳೇ ಹೆಚ್ಚು. ಕಲೆ ಉತ್ತಮ ಶಿಕ್ಷಣವಾಗಿದ್ದರೂ ಅದು ಕೆಲವರಿಗೆ ಮಾತ್ರ ದೊರೆಯುತ್ತಿತ್ತು.

ಎರ್ಮಾಳಿನಿಂದ ದಕ್ಷಿಣದ ಕಡೆಗೆ ನೋಡಿದರೆ, ಹೊಸ ಶಾಲೆಯೊಳಕ್ಕೆ ಕಲೆಯನ್ನು ತಂದ ಇಬ್ಬರು ಮಹನೀಯರು ಕಾಣುತ್ತಾರೆ. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಉಪಾಧ್ಯಾಯರಾಗಿಯೂ ಶಾಲೆಗಳ ಇನ್ಸ್‌ಪೆಕ್ಟರಾಗಿಯೂ ದುಡಿದ ಅವರು ತರಗತಿಯ ಕಷ್ಟಗಳನ್ನು ಹತ್ತಿರದಿಂದ ಬಲ್ಲವರು. ಅವರ ಶಿಶುಗೀತೆಗಳು ಅಭಿನಯಿಸಿ ಹಾಡಬಲ್ಲ ಗೀತೆಗಳು. ಅವರ ಕಥೆಗಳು ಗಟ್ಟಿಯಾಗಿ ಹೇಳಬಲ್ಲ ಕಥೆಗಳು. 1921ರಲ್ಲಿ ಮಂಗಳೂರಿನಲ್ಲಿ ಅವರು ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದುದು ಕನ್ನಡ ಶಿಶುಸಾಹಿತ್ಯದ ಇತಿಹಾಸದಲ್ಲಿ ಮುಖ್ಯವಾದ ಘಟನೆ. ಮನೆಯಲ್ಲಿ ಕನ್ನಡವಾಡದ ಮಗುವಿಗೆ ಕನ್ನಡವು ಮೊದಲು ಕಿವಿಗೂ ನಾಲಗೆಗೂ ಒಗ್ಗಬೇಕೆಂಬುದು ಅವರ ಕೃತಿಗಳಿಂದಲೇ ವ್ಯಕ್ತವಾಗುತ್ತದೆ.

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಇನ್ನೂ ಮುಂದಕ್ಕೆ ಹೋದರು. ಆಟ, ಕುಣಿತ, ನಾಟಕ, ಚಿತ್ರ, ಪ್ರಕೃತಿವೀಕ್ಷಣೆಗಳೇ ಅಲ್ಲಿ ಬೋಧನೆಯ ಸಾಧನಗಳು. ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ರಚಿಸಿದುದೂ ಮಕ್ಕಳ ಕುತೂಹಲದಲ್ಲಿದ್ದ ಈ ನಂಬಿಕೆಯಿಂದಲೇ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ಆರಂಭಿಸಿ ಸಂಗೀತಕ್ಕೂ ಚಿತ್ರಕ್ಕೂ ಎಡೆ ಕೊಟ್ಟಿದ್ದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸಬನ್ನು ಶಿಕ್ಷಣದ ಕೇಂದ್ರದಲ್ಲಿಟ್ಟರು. ಬಾಲವನದ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆದರೆ ಬಾಲವನದ ಶಾಲೆ ದೀರ್ಘಕಾಲ ನಡೆಯಲಿಲ್ಲ. ಒಬ್ಬ ವ್ಯಕ್ತಿಯ ಉತ್ಸಾಹವನ್ನೇ ಆಧರಿಸಿದ ಪ್ರಯೋಗಗಳ ಶಕ್ತಿಯೂ ದೌರ್ಬಲ್ಯವೂ ಇದರಲ್ಲಿ ವೇದ್ಯವಾಗುತ್ತವೆ.

ವ್ಯಕ್ತಿಯ ಕೆಲಸವನ್ನು ಸಂಸ್ಥೆಯು ವಹಿಸಿಕೊಂಡ ಕಾಲ 1970ರ ದಶಕ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಪ್ರಿನ್ಸಿಪಾಲರಾದ ಕು. ಶಿ. ಹರಿದಾಸ ಭಟ್ಟರ ಪ್ರಯತ್ನದಿಂದ 1971ರಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಹಿರಿಯಡಕ ಗೋಪಾಲರಾಯರಂತಹ ಹಿಮ್ಮೇಳದ ಆಚಾರ್ಯರು ಅಲ್ಲಿ ಪಾಠ ಹೇಳಿದರು. ಮುಂದೆ ಬನ್ನಂಜೆ ಸಂಜೀವ ಸುವರ್ಣರ ಗುರುತ್ವದಲ್ಲಿ, ಇಂದ್ರಾಳಿಯಲ್ಲಿ ಮಕ್ಕಳು ಗುರುಕುಲದಲ್ಲಿ ವಾಸವಾಗಿದ್ದು ಶಾಲೆಗೂ ಹೋಗುವ ಕ್ರಮ ಬೆಳೆಯಿತು. ಅಕ್ಷರ ಅಥವಾ ಕಲೆ ಎಂಬ ಹಳೆಯ ಆಯ್ಕೆ ಇಲ್ಲಿ ಅನಾವಶ್ಯಕವಾಯಿತು. 1975ರಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವು ಮಕ್ಕಳೇ ಪೂರ್ಣಪ್ರಸಂಗವನ್ನು ನಿರ್ವಹಿಸಬಲ್ಲರೆಂದು ತೋರಿಸಿತು. ಈಚಿನ ವರ್ಷಗಳಲ್ಲಿ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟು ಪ್ರೌಢಶಾಲೆಗಳಲ್ಲಿಯೇ ಯಕ್ಷಗಾನವನ್ನು ಕಲಿಸಿ, 'ಕಿಶೋರ ಯಕ್ಷಗಾನ ಸಂಭ್ರಮ'ದಲ್ಲಿ ಮಕ್ಕಳನ್ನು ರಂಗಕ್ಕೆ ತರುತ್ತಿದೆ. ಅಲ್ಲಿ ಹುಡುಗಿಯರೂ ಕಿರೀಟ ಕಟ್ಟುತ್ತಾರೆ. ಶತಮಾನಗಳ ಕಾಲ ಮುಚ್ಚಿದ್ದ ಬಾಗಿಲು ತೆರೆದುದು ಸಾಮಾನ್ಯವಾದ ಸಾಧನೆಯಲ್ಲ.

ಹೀಗೆ ಬಾಗಿಲು ಅಗಲವಾಯಿತು. ಆದರೆ ಕಾಲ ಕಿರಿದಾಯಿತು. ಮೇಳದ ಹುಡುಗನಿಗೆ ಹಲವು ತಿರುಗಾಟಗಳ ಅವಧಿ ದೊರೆಯುತ್ತಿತ್ತು. ಶಾಲೆಯ ಮಗುವಿಗೆ ದೊರೆಯುವುದು ವಾರದ ಕೆಲವು ತಾಸು. ಇದರ ಪೆಟ್ಟು ಮೊದಲು ಬೀಳುವುದು ಮಾತಿನ ಮೇಲೆ. ಕುಣಿತವನ್ನು ಕೆಲವು ತಿಂಗಳಲ್ಲಿ ತಕ್ಕಮಟ್ಟಿಗೆ ಕಲಿಸಬಹುದು. ಪದ್ಯವನ್ನು ಕೇಳಿ, ಎದುರಾಳಿಯ ಮಾತನ್ನು ಆಲಿಸಿ, ಆ ಕ್ಷಣದಲ್ಲಿ ತನ್ನ ಅರ್ಥವನ್ನು ಕಟ್ಟುವ ಶಕ್ತಿ ಅಷ್ಟು ಬೇಗ ಬರುವುದಿಲ್ಲ. ಆದ್ದರಿಂದ ಗುರುಗಳು ಬರೆದುಕೊಟ್ಟ ಮಾತನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಕಾರಂತರೂ ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಅರ್ಥಗಾರಿಕೆಯನ್ನು ಕೈಬಿಟ್ಟು ಗಾನ ನೃತ್ಯಗಳನ್ನೇ ಉಳಿಸಿಕೊಂಡರು. ಕನ್ನಡವರಿಯದ ಪ್ರೇಕ್ಷಕರ ಮುಂದೆ ಅದು ಸಾರ್ಥಕವಾದ ಮಾರ್ಗ. ಕನ್ನಡವನ್ನು ಕಲಿಯಬೇಕಾದ ಮಗುವಿನ ಮಟ್ಟಿಗೆ ಆ ಮಾರ್ಗ ಸಾಲದು.

ಬರೆಯುವಾಗ ತಪ್ಪಿಲ್ಲದ ಕನ್ನಡವನ್ನು ಬರೆದು, ಎದ್ದು ನಿಂತು ನಾಲ್ಕು ಮಾತಾಡೆಂದರೆ ತಲೆ ತಗ್ಗಿಸುವ ವಿದ್ಯಾರ್ಥಿಗಳು ಪ್ರಸ್ತುತ ಲೇಖಕನಿಗೆ ತರಗತಿಯಲ್ಲಿ ಪ್ರತಿವರ್ಷವೂ ದೊರೆಯುತ್ತಾರೆ. ಅವರಲ್ಲಿ ಬುದ್ಧಿಯ ಕೊರತೆಯಿಲ್ಲ. ಮಾತಾಡುವ ಸಂದರ್ಭವೇ ಅವರಿಗೆ ಬಾಲ್ಯದಲ್ಲಿ ಒದಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯನ್ನು ಇತರ ಪಾಠಗಳೊಡನೆ ಬೆಸೆಯಬೇಕೆಂದು ಹೇಳಿದೆ. ಕರಾವಳಿಯ ಇತಿಹಾಸ ಈ ಕೆಲಸದ ಕ್ರಮವನ್ನು ಆಗಲೇ ತೋರಿಸಿಕೊಟ್ಟಿದೆ. ವಾರ್ಷಿಕೋತ್ಸವದ ಒಂದು ರಾತ್ರಿಗಾಗಿ ನಡೆಯುವ ಅಭ್ಯಾಸದಿಂದ ಅದು ಕೈಗೂಡದು. ಕನ್ನಡದ ಪಾಠದ ವೇಳೆಯಲ್ಲಿಯೇ ಇಬ್ಬರು ಮಕ್ಕಳನ್ನು ಎದುರುಬದುರು ಕುಳ್ಳಿರಿಸಿ, ಒಬ್ಬನು ಕೃಷ್ಣನಾಗಿ, ಒಬ್ಬಳು ಕೌರವನಾಗಿ ವಾದಿಸಲು ಅವಕಾಶ ಕೊಡಬೇಕು. ಬರೆದುಕೊಟ್ಟ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ಕಾಯಬೇಕು. ಆ ಉತ್ತರ ತೊದಲಿದರೂ ಅದು ಮಗುವಿನದೇ ಆದ ಕನ್ನಡ.