ಪಾಲಿಸ್ಟೈರೀನ್: ಅಧಿಕ ಒತ್ತಡದಲ್ಲಿ ವಿರೂಪಣೆ ಮತ್ತು ಒಡೆತ

ಪಾರದರ್ಶಕ ಡಬ್ಬಿ, ಬಳಸಿ ಬಿಸಾಡುವ ಲೋಟಗಳಿಗೆ ಬೇಕಾಗುವ ಪಾಲಿಸ್ಟೈರೀನ್ ಪೆಡಸು ಪ್ಲಾಸ್ಟಿಕ್ಕು. ಅದರ ಕಡ್ಡಿಯನ್ನು ಎಳೆದರೆ ಶೇ. 2–3ರಷ್ಟು ಹಿಗ್ಗುವುದರೊಳಗೆ ತುಂಡಾಗುತ್ತದೆ. ಅದೇ ಕಡ್ಡಿಯನ್ನು ಎಣ್ಣೆ ತುಂಬಿದ ಉಕ್ಕಿನ ಕೋಶದಲ್ಲಿಟ್ಟು, ಎಲ್ಲ ದಿಕ್ಕಿನಿಂದ ಸಮನಾಗಿ ಸುಮಾರು 300 ಮೆಗಾಪಾಸ್ಕಲ್, ಅಂದರೆ ವಾಯುಭಾರದ 3,000 ಪಟ್ಟು ಒತ್ತಡ ಹೇರಿ ಎಳೆದರೆ ಮುರಿಯದೆ ಮಣಿಯುತ್ತದೆ, ನಡು ಸಣ್ಣಗಾಗಿ ಉದ್ದವಾಗುತ್ತದೆ. ಲೋಹಗಳ ಇಂಥ ವರ್ತನೆಯನ್ನು ಹಾರ್ವರ್ಡ್‌ನ ಪರ್ಸಿ ಬ್ರಿಜ್‌ಮನ್ (ಭೌತವಿಜ್ಞಾನದ ನೊಬೆಲ್, 1946) ವಿಸ್ತಾರವಾಗಿ ಪರೀಕ್ಷಿಸಿದ್ದರು. ಪಾಲಿಸ್ಟೈರೀನಿನಂಥ ಪಾಲಿಮರ್‌ಗಳಲ್ಲಿ ಉದ್ದನೆಯ ಅಣು-ಸರಪಳಿಗಳ ನಡುವಿನ ಸೆಳೆತ ದುರ್ಬಲವಾದ್ದರಿಂದ ಒತ್ತಡದ ಪರಿಣಾಮ ಇನ್ನೂ ಎದ್ದು ಕಾಣುತ್ತದೆ.

ಗುಟ್ಟು ಇರುವುದು ‘ಕ್ರೇಜ್’ ಎಂಬ ಸೂಕ್ಷ್ಮ ಸೀಳಿನಲ್ಲಿ. ಎಳೆತಕ್ಕೆ ಅಡ್ಡಲಾಗಿ ಹುಟ್ಟುವ ಈ ತೆಳು ಪದರದಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಎಳೆಗಳಿರುತ್ತವೆ, ಅವುಗಳ ನಡುವೆ ಖಾಲಿ ಜಾಗ. ಈ ಎಳೆಗಳು ಹರಿದಾಗ ಕ್ರೇಜ್ ನಿಜವಾದ ಬಿರುಕಾಗುತ್ತದೆ. ಖಾಲಿ ಜಾಗ ಮೂಡಬೇಕಾದರೆ ವಸ್ತುವಿನ ಗಾತ್ರ ಹಿಗ್ಗಬೇಕು. ಸುತ್ತಲಿನ ಒತ್ತಡ ಅದಕ್ಕೆ ಎಡೆಗೊಡುವುದಿಲ್ಲ. ಸರಪಳಿಗಳು ಒಂದರ ಮೇಲೊಂದು ಜಾರಿ ಆಗುವ ವಿರೂಪಣೆಯಲ್ಲಾದರೋ ಗಾತ್ರ ಹೆಚ್ಚೇನೂ ಬದಲಾಗದು. ಒತ್ತಡ ಏರಿದಂತೆ ಜಾರಲು ಬೇಕಾದ ಬಲವೂ ಏರುತ್ತದೆ, ಆದರೆ ಕ್ರೇಜ್‌ಗೆ ಬೇಕಾದ ಬಲ ಅದಕ್ಕಿಂತ ವೇಗವಾಗಿ ಏರುತ್ತದೆ. ಎರಡನೆಯದು ಮೊದಲನೆಯದನ್ನು ದಾಟಿದಲ್ಲಿ ಪೆಡಸುತನ ಮುಗಿಯುತ್ತದೆ.

ಆ ಎಲ್ಲೆ 300 ಮೆಗಾಪಾಸ್ಕಲ್ ಎಂಬುದು ಮಾತ್ರ ಅಷ್ಟು ಸರಳವಲ್ಲ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಮತ್ಸುಶಿಗೆ, ರ‍್ಯಾಡ್‌ಕ್ಲಿಫ್ ಮತ್ತು ಬೇಯರ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಣ್ಣೆ ತಾಗದಂತೆ ಮುಚ್ಚಿದ ಕಡ್ಡಿಗಳು ಸುಮಾರು 35 ಮೆಗಾಪಾಸ್ಕಲ್‌ನಲ್ಲೇ ಮಣಿದವು. ಮುಚ್ಚದವು 295ರವರೆಗೂ ಮುರಿಯುತ್ತಿದ್ದವು. ಒತ್ತಡ ಸಾಗಿಸಲು ಬಳಸಿದ ಸಿಲಿಕೋನ್ ಎಣ್ಣೆಯೇ ಮೇಲ್ಮೈಯಲ್ಲಿ ಕ್ರೇಜ್ ಮತ್ತು ಬಿರುಕುಗಳಿಗೆ ದಾರಿ ಮಾಡಿಕೊಡುತ್ತಿತ್ತು. ಈ ಕ್ಷೇತ್ರದ ಯಾವ ಅಂಕಿಯನ್ನೂ ಬಳಸಿದ ದ್ರವದ ಹೆಸರಿಲ್ಲದೆ ಒಪ್ಪಬಾರದೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ.

ಯಾವ ಉಷ್ಣತೆಗಿಂತ ಕೆಳಗೆ ಪಾಲಿಮರ್ ಗಾಜಿನಂತೆ ಬಿಗಿಯುತ್ತದೋ ಆ ಗಾಜು-ಸ್ಥಿತಿಯ ಉಷ್ಣತೆಯನ್ನೂ ಒತ್ತಡ ಮೇಲೇರಿಸುತ್ತದೆ: ಪಾಲಿಸ್ಟೈರೀನಿನಲ್ಲಿ ಪ್ರತಿ ಮೆಗಾಪಾಸ್ಕಲ್‌ಗೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್. ರಬ್ಬರಿಗೂ ಇದು ತಪ್ಪದು. ಸಾಗರದ ಅತಿ ಆಳದಲ್ಲಿ ಒತ್ತಡ ಸುಮಾರು 110 ಮೆಗಾಪಾಸ್ಕಲ್; ಅಲ್ಲಿನ ಚಳಿಯೂ ಸೇರಿದರೆ ಕೆಲವು ಬಗೆಯ ರಬ್ಬರ್ ಸೀಲುಗಳು ಬಿಗಿದು ಗಾಜಿನಂತಾಗುವ ಅಪಾಯವಿದೆ. ಅನಿಲ ಬಾವಿಗಳಲ್ಲಿ ತೊಂದರೆ ಬರುವುದು ಒತ್ತಡ ಇಳಿಯುವಾಗ. ರಬ್ಬರಿನೊಳಗೆ ಕರಗಿದ ಅನಿಲ ಹಠಾತ್ತನೆ ಹಿಗ್ಗಿ ಬೊಬ್ಬೆ ಎಬ್ಬಿಸಿ ಸೀಲನ್ನು ಒಳಗಿನಿಂದಲೇ ಸೀಳುತ್ತದೆ. ಅನಿಲ ಹೊರಗೆ ಸೋರಿಹೋಗಲು ಸಮಯ ಸಿಗುವಂತೆ ಒತ್ತಡವನ್ನು ನಿಧಾನವಾಗಿ ಇಳಿಸಬೇಕಾಗುತ್ತದೆ.